ಪರದೆ ಬಿದ್ದ ಮೇಲೆ: ರಂಗನಟರ ಜೀವನಚರಿತ್ರೆ ಬರೆಯುವುದು ಹೇಗೆ?



ಕಳೆದ ವರ್ಷದ ಸಂಚಿಕೆಗೆ ನಾವು ನಾಲ್ಕು ಜನ ಸೇರಿ ಒಂದು ಲೇಖನ ಸಿದ್ಧಮಾಡಿದ್ದೆವು. ನಮ್ಮ ಬಳಗದ ಒಬ್ಬ ಗೆಳೆಯನ ಅಜ್ಜ ಬಾಗಲಕೋಟೆ ಕಡೆಯವರು, ಕಂಪನಿ ನಾಟಕಗಳಲ್ಲಿ ಪಾರ್ಟು ಮಾಡಿದವರು. ಅವರ ಜೀವನಚರಿತ್ರೆ ಅಂತ ನಾಲ್ಕು ಪುಟ ಬರೆದೆವು. 'ಅಪ್ರತಿಮ ಕಲಾವಿದ', 'ಅಭಿನಯ ಚಕ್ರವರ್ತಿ', 'ಲಕ್ಷಾಂತರ ಪ್ರೇಕ್ಷಕರ ಮನ ಗೆದ್ದವರು' ಎಲ್ಲಾ ಅದರಲ್ಲಿತ್ತು. ಕಳಿಸುವ ಮುಂಚೆ ಊರಲ್ಲಿರುವ ಅಜ್ಜಿಗೆ ಒಮ್ಮೆ ಓದಿ ಹೇಳೋಣ ಅಂತ ಒಂದು ಶುಕ್ರವಾರ ಮಧ್ಯಾಹ್ನ ಫೋನ್ ಮಾಡಿದೆವು. ಅಜ್ಜಿ ಪೂರ್ತಿ ಕೇಳಿದರು. ಆಮೇಲೆ ಅಂದರು: "ಇದು ನಿಮ್ಮಜ್ಜನ ಸುದ್ದಿ ಅಲ್ಲ ತಮ್ಮಾ, ಯಾವುದೋ ದೇವರ ಪುರಾಣ. ನಿಮ್ಮಜ್ಜ ಸಾಲಾ ಮಾಡ್ಕೊಂಡು ಬಂದಿದ್ದು ಎಲ್ಲೈತಿ? ನಾ ಪಾಟಲಿ ಮಾರಿದ್ದು ಎಲ್ಲೈತಿ?"

ನಾವು ಆ ಲೇಖನವನ್ನು ಕಳಿಸಲಿಲ್ಲ. ಈ ವರ್ಷ ಅದರ ಬದಲು ಇದನ್ನು ಬರೆಯುತ್ತಿದ್ದೇವೆ. ರಂಗನಟರ ಬದುಕನ್ನು ಬರೆಯುವುದು ಹೇಗೆ, ಎಲ್ಲಿ ಎಡವುತ್ತೇವೆ, ನಮ್ಮ ಹಿರಿಯರು ಹೇಗೆ ಬರೆದಿದ್ದಾರೆ ಅಂತ ವರ್ಷವಿಡೀ ಓದಿ ಕಲಿತದ್ದನ್ನು ಪಾಠದ ರೂಪದಲ್ಲಿ ಇಲ್ಲಿ ಇಟ್ಟಿದ್ದೇವೆ. ಇತಿಹಾಸದ ಬೇರೆ ವ್ಯಕ್ತಿಗಳ ಬಗ್ಗೆ ಬರೆಯುವವರಿಗೂ ಇದರಲ್ಲಿ ಬಹಳಷ್ಟು ಉಪಯೋಗ ಆಗಬಹುದು.

1. ನಟರ ಬದುಕು ಬರೆಯುವುದು ಯಾಕೆ ಕಷ್ಟ?

ಕವಿ ತೀರಿಕೊಂಡರೆ ಕವನ ಉಳಿಯುತ್ತದೆ. ಶಿಲ್ಪಿ ಹೋದರೆ ಶಿಲ್ಪ ಉಳಿಯುತ್ತದೆ. ನಾಟಕದವರದು ಹಾಗಲ್ಲ. ಪರದೆ ಬಿದ್ದ ಕ್ಷಣಕ್ಕೆ ಆ ದಿನದ ಅಭಿನಯ ಮುಗಿಯಿತು. ಅದು ಉಳಿಯುವುದು ನೋಡಿದವರ ನೆನಪಿನಲ್ಲಿ ಮಾತ್ರ, ಅದೂ ಅವರು ಇರುವವರೆಗೆ.

ನಾವಿರುವ ಕುವೈತ್‌ನಲ್ಲೇ ನೋಡಿ. ಇಲ್ಲಿನ ಜನ ತಲೆಮೇಲೆ ಹೊತ್ತು ಮೆರೆಸಿದ ಹಾಸ್ಯನಟ ಅಬ್ದುಲ್‌ಹುಸೇನ್ ಅಬ್ದುಲ್‌ರೆಧಾ 2017ರಲ್ಲಿ ತೀರಿಕೊಂಡರು. ಸಾಲ್ಮಿಯಾದಲ್ಲಿ ಅವರ ಹೆಸರಿನ ರಂಗಮಂದಿರವಿದೆ. 'ಬೈ ಬೈ ಲಂಡನ್' ಮುಂತಾದ ಅವರ ನಾಟಕಗಳು ವಿಡಿಯೋದಲ್ಲಿ ಉಳಿದಿವೆ. ನಮ್ಮ ಜತೆ ಓದುವ ಕುವೈತಿ ಹುಡುಗರು, ಅವರು ಹುಟ್ಟುವ ಎಷ್ಟೋ ಮುಂಚಿನ ಆ ನಾಟಕಗಳ ಮಾತನ್ನು ಬಾಯಿಪಾಠ ಹೇಳುತ್ತಾರೆ. ಅವರ ಬಗ್ಗೆ ಯಾರಾದರೂ ಪುಸ್ತಕದಲ್ಲಿ ತಪ್ಪು ಬರೆದರೆ, ವಿಡಿಯೋ ಹಾಕಿ ನೋಡಿ 'ಹೀಗಲ್ಲ' ಅನ್ನಬಹುದು.

ನಮ್ಮ ಎ.ವಿ. ವರದಾಚಾರ್ಯರಂಥ ಹಳೆಯ ದೊಡ್ಡ ನಟರಿಗೆ ಆ ಅನುಕೂಲ ಇಲ್ಲ. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ಬಂದದ್ದೇ 1934ರಲ್ಲಿ. ಅದಕ್ಕೂ ಹಿಂದೆ ರಂಗದ ಮೇಲೆ ಆಡಿ ಹೋದವರ ಅಭಿನಯವನ್ನು ನಾವು ಇನ್ನು ನೋಡುವ ಹಾಗಿಲ್ಲ. ಅವರ ಬಗ್ಗೆ ಯಾರೋ ಬರೆದದ್ದೇ ನಮ್ಮ ಪಾಲಿಗೆ ಅವರು. ಅದಕ್ಕೇ ಬರೆಯುವವರ ಜವಾಬ್ದಾರಿ ದೊಡ್ಡದು. ನಾವು ಒಂದು ಸುಳ್ಳು ಸಾಲು ಬರೆದರೆ, ಎದ್ದು ನಿಂತು 'ನಾನು ಹಾಗಿರಲಿಲ್ಲ' ಅನ್ನಲು ಅವರಿಗೆ ಆಗುವುದಿಲ್ಲ.

2. ಕನ್ನಡದಲ್ಲಿ ಇರುವ ದಾರಿಗಳು

ನಮಗೆ ಕಂಡ ಹಾಗೆ ಕನ್ನಡದಲ್ಲಿ ರಂಗದವರ ಬದುಕು ನಾಲ್ಕು ಬಗೆಯಲ್ಲಿ ಬಂದಿದೆ.

ಮೊದಲನೆಯದು, ತಾವೇ ಹೇಳಿಕೊಂಡ ಆತ್ಮಕಥೆ. ಗುಬ್ಬಿ ವೀರಣ್ಣನವರ 'ಕಲೆಯೇ ಕಾಯಕ' ಇದಕ್ಕೆ ಹೆಸರಾದದ್ದು. ಕಂಪನಿಯ ಒಳಗಿನ ಬದುಕನ್ನು ಒಳಗಿದ್ದವರೇ ಹೇಳುವುದು ಇದರ ಬಲ. ಆದರೆ ಯಾರೇ ಆಗಲಿ ತಮ್ಮ ಬಗ್ಗೆ ತಾವು ಹೇಳುವಾಗ ಕೆಲವು ಬಾಗಿಲು ತೆರೆಯುತ್ತಾರೆ, ಕೆಲವು ಮುಚ್ಚುತ್ತಾರೆ. ಓದುವಾಗ ಅದು ನೆನಪಿರಬೇಕು.

ಎರಡನೆಯದು, ಒಬ್ಬರು ಹೇಳಿ ಇನ್ನೊಬ್ಬರು ಬರೆದದ್ದು. ಬಿ.ವಿ. ಕಾರಂತರು ಹೇಳಿದ್ದನ್ನು ವೈದೇಹಿಯವರು 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಎಂದು ನಿರೂಪಿಸಿದರು. ಕಾರಂತರು 2002ರಲ್ಲಿ ತೀರಿಕೊಂಡರು. ಪುಸ್ತಕ ಬಂದದ್ದು ಆಮೇಲೆ. ಏಣಗಿ ಬಾಳಪ್ಪನವರ 'ಬಣ್ಣದ ಬದುಕಿನ ಚಿನ್ನದ ದಿನಗಳು' ಕೂಡ ಹೀಗೆಯೇ, ನಿರೂಪಿಸಿದವರು ಗಣೇಶ ಅಮೀನಗಡ. ಶಾಲೆ ಕಲಿಯದೆ ಕಂಪನಿ ಸೇರಿದ ನಟರು ನಮ್ಮಲ್ಲಿ ಬಹಳ. ಅವರು ಪೆನ್ನು ಹಿಡಿದು ಕೂತು ಬರೆಯುವವರಲ್ಲ. ಎದುರಿಗೆ ಕೂತವರಿಗೆ ಕತೆ ಹೇಳುವವರು. ಕೂತು ಕೇಳುವವರು ಸಿಗದೆ ಹೋದರೆ ಆ ಕತೆ ಅವರೊಂದಿಗೇ ಹೋಗುತ್ತದೆ. ನಮ್ಮಂಥ ವಿದ್ಯಾರ್ಥಿಗಳು ಮಾಡಬಹುದಾದ ಕೆಲಸ ಇದೇ.

ಮೂರನೆಯದು ವ್ಯಕ್ತಿಚಿತ್ರ. ಡಿ.ವಿ.ಜಿ.ಯವರ 'ಜ್ಞಾಪಕ ಚಿತ್ರಶಾಲೆ' ಸಂಪುಟಗಳಲ್ಲಿ 'ಕಲೋಪಾಸಕರು' ಅಂತ ಕಲಾವಿದರಿಗೇ ಮೀಸಲಾದ ಒಂದು ಸಂಪುಟ ಇದೆ. ಇಲ್ಲಿ ಹುಟ್ಟಿದ್ದರಿಂದ ಸತ್ತವರೆಗೆ ಎಲ್ಲವನ್ನೂ ಹೇಳುವ ಹಟ ಇಲ್ಲ. ತಾನು ಕಂಡದ್ದು, ಕೇಳಿದ್ದು ಇಷ್ಟೇ. ಮೊದಲ ಸಲ ಬರೆಯುವವರಿಗೆ ಇದು ಒಳ್ಳೆಯ ಮಾದರಿ.

ನಾಲ್ಕನೆಯದು, ಹುಡುಕಿ ಬರೆದ ಜೀವನಚರಿತ್ರೆ. ರಹಮತ್ ತರೀಕೆರೆಯವರು ಬರೆದ ಅಮೀರ್‌ಬಾಯಿ ಕರ್ನಾಟಕಿಯವರ ಜೀವನಚರಿತ್ರೆಯನ್ನು ನಾವು ಈ ಬಗೆಗೆ ಉದಾಹರಣೆಯಾಗಿ ಇಟ್ಟುಕೊಂಡೆವು. ಅಮೀರ್‌ಬಾಯಿ ಬೀಳಗಿಯವರು. ಮುಂಬಯಿಗೆ ಹೋಗಿ ಹಾಡುನಟಿಯಾದರು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಗೊತ್ತಾದರು. ವಿಜಯಪುರದಲ್ಲಿ ಅವರ ಹೆಸರಿನ ಅಮೀರ್ ಟಾಕೀಸ್ ಇತ್ತು. 1965ರಲ್ಲಿ ತೀರಿಕೊಂಡರು. ಅವರು ಆತ್ಮಕಥೆ ಬರೆದಿಟ್ಟು ಹೋಗಲಿಲ್ಲ. ಬೀಳಗಿಯಲ್ಲೊಂದು ಎಳೆ, ವಿಜಯಪುರದಲ್ಲೊಂದು ಎಳೆ, ಮುಂಬಯಿಯಲ್ಲೊಂದು ಎಳೆ. ಎಲ್ಲ ಹೆಕ್ಕಿ ಕೂಡಿಸಬೇಕು.

3. ಕೇಳಿದ್ದನ್ನು ಪರೀಕ್ಷೆ ಮಾಡುವುದು

ಹಿರಿಯರ ನೆನಪು ಸುಳ್ಳಲ್ಲ. ಆದರೆ ನೆನಪಿಗೆ ಕ್ಯಾಲೆಂಡರ್ ಇರುವುದಿಲ್ಲ. ನಾವು ಕಲಿತ ಕೆಲವು ಪರೀಕ್ಷೆಗಳು ಹೀಗಿವೆ.

*ಕೂಡಿ ಕಳೆದು ನೋಡಿ.* 'ಗುಬ್ಬಿ ಕಂಪನಿಯನ್ನು ಕಟ್ಟಿದವರು ಗುಬ್ಬಿ ವೀರಣ್ಣ' ಅಂತ ನಾವೂ ಮೊದಲು ಬರೆದುಕೊಂಡಿದ್ದೆವು. ಕಂಪನಿ ಶುರುವಾದದ್ದು 1884ರಲ್ಲಿ. ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಹುಟ್ಟುವ ಮುಂಚೆ ಕಂಪನಿ ಕಟ್ಟುವುದು ಹೇಗೆ? ಹುಡುಗನಾಗಿ ಅದೇ ಕಂಪನಿ ಸೇರಿ, ಅಲ್ಲೇ ಬೆಳೆದು, ಮುಂದೆ ಅದರ ಮಾಲೀಕರಾಗಿ ನಾಡಿಗೆಲ್ಲ ಹೆಸರಾಗುವ ಹಾಗೆ ಮಾಡಿದವರು ಅವರು. ಸರಿಯಾಗಿ ಹೇಳಿದರೆ ಅವರ ಸಾಧನೆ ಕಡಿಮೆಯಾಗುವುದಿಲ್ಲ. ಅವರಿಗಿಂತ ಮುಂಚೆ ಊರಲ್ಲಿ ಕಂಪನಿ ಕಟ್ಟಿದವರಿಗೂ ಅವರ ಪಾಲು ಸಿಗುತ್ತದೆ.

*ಆಗಿನ ಊರು ಯಾವ ಸೀಮೆಯಲ್ಲಿತ್ತು ನೋಡಿ.* ಏಣಗಿ ಬಾಳಪ್ಪನವರು 1914ರಲ್ಲಿ ಸವದತ್ತಿ ತಾಲೂಕಿನ ಏಣಗಿಯಲ್ಲಿ ಹುಟ್ಟಿದರು. 2017ರಲ್ಲಿ, ನೂರು ದಾಟಿದ ಮೇಲೆ ತೀರಿಕೊಂಡರು. 'ಕರ್ನಾಟಕ ರಾಜ್ಯದಲ್ಲಿ ಹುಟ್ಟಿದರು' ಅಂತ ಬರೆದರೆ ತಪ್ಪು. ಆಗ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳು ಮುಂಬಯಿ ಪ್ರಾಂತ್ಯದಲ್ಲಿದ್ದವು. ಕಲಬುರಗಿ, ರಾಯಚೂರು, ಬೀದರ ನಿಜಾಮರ ಹೈದರಾಬಾದಿನಲ್ಲಿ. ಮಂಗಳೂರು, ಕಾಸರಗೋಡು ಮದ್ರಾಸಿನಲ್ಲಿ. ಕಾಸರಗೋಡು ಬಿಟ್ಟು ಉಳಿದವೆಲ್ಲ ಮೈಸೂರಿನ ಜತೆ ಒಂದಾದದ್ದು 1956ರ ನವೆಂಬರ್ 1ಕ್ಕೆ. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು. ರಾಜ್ಯಕ್ಕೆ 'ಕರ್ನಾಟಕ' ಎಂಬ ಹೆಸರು ಬಂದದ್ದು 1973ರಲ್ಲಿ. ಇದು ಬರೀ ಪರೀಕ್ಷೆಗೆ ಓದುವ ವಿಷಯ ಅಲ್ಲ. ಹಳೆಯ ಕಾಗದಪತ್ರ ಎಲ್ಲಿ ಹುಡುಕಬೇಕು, ಯಾವ ಭಾಷೆಯಲ್ಲಿ ಇರಬಹುದು ಎಂಬುದು ಇದರಿಂದ ಗೊತ್ತಾಗುತ್ತದೆ. ಬೆಳಗಾವಿ ಕಡೆಯ ನಟರ ಸುದ್ದಿ ಮರಾಠಿ ಪತ್ರಿಕೆಯಲ್ಲಿ ಇರಬಹುದು, ಕಲಬುರಗಿ ಕಡೆಯವರದು ಉರ್ದುವಿನಲ್ಲಿ.

*ದುಡ್ಡಿನ ಲೆಕ್ಕ ನೋಡಿ.* ಒಬ್ಬ ಹಿರಿಯರು ನಮಗೆ '1945ರಲ್ಲಿ ನೆಲದ ಟಿಕೆಟ್ 25 ಪೈಸೆ' ಅಂದರು. ರೂಪಾಯಿಗೆ ನೂರು ಪೈಸೆ ಆದದ್ದು 1957ರ ಏಪ್ರಿಲ್‌ನಿಂದ. ಅದಕ್ಕೂ ಮುಂಚೆ ರೂಪಾಯಿಗೆ 16 ಆಣೆ. ಅವರು ಹೇಳಿದ್ದು ನಾಲ್ಕಾಣೆ ಇರಬೇಕು, ಮನಸ್ಸು ತಾನಾಗಿಯೇ ಅದನ್ನು ಹೊಸ ಲೆಕ್ಕಕ್ಕೆ ಬದಲಾಯಿಸಿದೆ. ಇಲ್ಲದಿದ್ದರೆ ವರ್ಷ ತಪ್ಪಿದೆ. ಎರಡರಲ್ಲಿ ಯಾವುದು ಅಂತ ಮತ್ತೆ ಕೇಳಬೇಕು. ಕುವೈತ್‌ನಲ್ಲೂ ಇಂಥದ್ದೇ ಆಗುತ್ತದೆ. ಇಲ್ಲಿ ದಿನಾರ್ ಬಂದದ್ದು 1961ರಲ್ಲಿ, ಅದಕ್ಕೂ ಮುಂಚೆ ಇಲ್ಲಿ ನಡೆಯುತ್ತಿದ್ದದ್ದು ರೂಪಾಯಿ. ಹಳೆಯ ಕುವೈತಿ ಅಂಗಡಿಯವರು 'ರುಬಿಯ್ಯ' ಅಂತ ನೆನಪು ಮಾಡಿಕೊಂಡರೆ ಅದು ಯಾವ ಕಾಲ ಅಂತ ನಮಗೆ ತಿಳಿಯಬೇಕು.

*ಹಬ್ಬ, ಜಾತ್ರೆ, ಸಂವತ್ಸರದಿಂದ ದಿನ ಹಿಡಿಯಿರಿ.* ನಮ್ಮ ಅಜ್ಜಿಗೆ ಇಸವಿ ಗೊತ್ತಿಲ್ಲ. ಆದರೆ 'ಗಾಂಧಿ ಬೆಳಗಾಂವಿಗೆ ಬಂದಾಗ ನಿಮ್ಮಜ್ಜ ಕೂಸಂತ' ಎಂಬ ಮಾತು ಮನೆಯಲ್ಲಿ ಉಳಿದಿದೆ. ಗಾಂಧೀಜಿ ಬೆಳಗಾವಿಗೆ 1916ರಲ್ಲೂ ಬಂದಿದ್ದರು, ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿ 1924ರ ಡಿಸೆಂಬರ್‌ನಲ್ಲೂ ಬಂದರು. ಯಾವ ಸಲ? ಮನೆಯಲ್ಲಿದ್ದ ಹರಿದ ಜಾತಕದಲ್ಲಿ 'ರಕ್ತಾಕ್ಷಿ ಸಂವತ್ಸರ' ಅಂತಿತ್ತು. ಅರವತ್ತು ವರ್ಷದ ಚಕ್ರದಲ್ಲಿ ಅದು 1924-25ಕ್ಕೆ ಬರುತ್ತದೆ. ಎರಡೂ ಕೂಡಿದವು. ಹಾಗೆಯೇ 'ಬನಶಂಕರಿ ಜಾತ್ರೆಯಲ್ಲಿ ಕ್ಯಾಂಪ್ ಇತ್ತು' ಅಂದರೆ ಅದು ಬನದ ಹುಣ್ಣಿಮೆಯ ಸುತ್ತ, ಅಂದರೆ ಹೆಚ್ಚಾಗಿ ಜನವರಿ.

4. ಕಾಗದ, ಹಾಡು, ಫೋಟೋ

ಮಾತಿನ ಜತೆಗೆ ವಸ್ತುಗಳನ್ನೂ ಹುಡುಕಬೇಕು. ನಾಟಕದ ಹ್ಯಾಂಡ್‌ಬಿಲ್, ಥೇಟರಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕ, ಗ್ರಾಮಫೋನ್ ತಟ್ಟೆ, ಬಹುಮಾನ ಬಂದ ಪದಕ, ಸ್ಟುಡಿಯೋದಲ್ಲಿ ವೇಷ ಹಾಕಿ ತೆಗೆಸಿದ ಫೋಟೋ, ಸಾಲದ ಪತ್ರ. ಪದಕದ ಹಿಂದೆ ಊರು, ಇಸವಿ ಕೆತ್ತಿರುತ್ತಾರೆ. ಫೋಟೋದ ಹಿಂದೆ ಸ್ಟುಡಿಯೋದ ಮುದ್ರೆ ಇರುತ್ತದೆ. ಮುಂಭಾಗ ಮಾತ್ರ ಸ್ಕ್ಯಾನ್ ಮಾಡಿ ಕಳಿಸಿದರೆ ಅರ್ಧ ಮಾಹಿತಿ ಹೋಯಿತು. ಎರಡೂ ಕಡೆ ತೆಗೆಯಲು ಹೇಳಿ.

ಹ್ಯಾಂಡ್‌ಬಿಲ್ ನೋಡುವಾಗ ಒಂದು ಎಚ್ಚರ. ಅದು ಜಾಹೀರಾತು. 'ಜಗತ್ಪ್ರಸಿದ್ಧ' ಅಂತ ಅದರಲ್ಲಿ ಇದ್ದರೆ ಅದು ಮಾಲೀಕರ ಮಾತು. ಅದರಿಂದ ನಾವು ತೆಗೆದುಕೊಳ್ಳಬೇಕಾದದ್ದು ನಾಟಕದ ಹೆಸರು, ತಾರೀಕು, ಊರು, ಟಿಕೆಟ್ ದರ, ಯಾರು ಯಾವ ಪಾತ್ರ ಎಂಬುದು.

ಪರದೇಶದಲ್ಲಿ ಕೂತು ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳಬೇಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಇದೆ. ಲೇಖಕರ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಹಾಕಿ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ.

5. ಹೆಣ್ಣುಮಕ್ಕಳ ಹೆಸರು ಎಲ್ಲಿ ಹೋಯಿತು?

ಈ ಓದಿನಲ್ಲಿ ನಮಗೆ ಹೆಚ್ಚು ಬೇಜಾರಾದದ್ದು ಇಲ್ಲಿ. ನಟಿಯರನ್ನು ಎಷ್ಟೋ ಬರಹಗಳು ಯಾರದೋ ಹೆಂಡತಿ, ಯಾರದೋ ತಂಗಿ ಅಂತಷ್ಟೇ ಹೇಳಿ ಮುಂದೆ ಹೋಗುತ್ತವೆ. ಬಿ. ಜಯಮ್ಮನವರು ಗುಬ್ಬಿ ವೀರಣ್ಣನವರ ಪತ್ನಿ ಹೌದು. ಆದರೆ ರಂಗದ ಮೇಲೂ ಸಿನಿಮಾದಲ್ಲೂ ತಮ್ಮದೇ ಹೆಸರು ಮಾಡಿದ ನಟಿ, ಹಾಡುಗಾರ್ತಿ ಕೂಡ. ಅಮೀರ್‌ಬಾಯಿಯವರ ಅಕ್ಕ ಗೋಹರ್‌ಬಾಯಿ ಮರಾಠಿಯ ಮಹಾನಟ ಬಾಲಗಂಧರ್ವರ ಜತೆ ರಂಗದಲ್ಲೂ ಬದುಕಿನಲ್ಲೂ ಇದ್ದವರು. ಬಾಲಗಂಧರ್ವರ ಕೊನೆಗಾಲದ ಕಷ್ಟಕ್ಕೆಲ್ಲ ಆಕೆಯೇ ಕಾರಣ ಎಂಬ ಮಾತು ಬಹಳ ಕಾಲ ಓಡಾಡಿತು. ಒಬ್ಬರ ಜೀವನಚರಿತ್ರೆಯನ್ನು ಚೆಂದ ಮಾಡಲು ಇನ್ನೊಬ್ಬರನ್ನು ಖಳನಾಯಕಿ ಮಾಡುವುದು ಸುಲಭ. ಹಾಗೆ ಬರೆಯುವ ಮುಂಚೆ ಆಕೆಯ ಕಡೆಯಿಂದ ಯಾರಾದರೂ ಕೇಳಿದ್ದಾರಾ ಅಂತ ನಿಂತು ನೋಡಬೇಕು.

ಇದಕ್ಕೆ ಎದುರಾಗಿ ಆರ್. ನಾಗರತ್ನಮ್ಮನವರನ್ನು ನೋಡಿ. ಗಂಡಸರು ಸ್ತ್ರೀಪಾರ್ಟು ಮಾಡುತ್ತಿದ್ದ ಪರಂಪರೆಯನ್ನು ತಿರುವಿಹಾಕಿ, 1958ರಲ್ಲಿ ಬೆಂಗಳೂರಿನಲ್ಲಿ ಹೆಣ್ಣುಮಕ್ಕಳೇ ಇರುವ 'ಸ್ತ್ರೀ ನಾಟಕ ಮಂಡಳಿ' ಕಟ್ಟಿದರು. ಕಂಸನಂಥ ಗಂಡುಪಾತ್ರಗಳನ್ನು ತಾವೇ ಮಾಡಿದರು. 2012ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ತೀರಿಕೊಂಡರು. ಇಂಥವರ ಬದುಕು ಬರೆಯುವಾಗ ಪ್ರಶಸ್ತಿಯ ಪಟ್ಟಿ ಒಂದು ಸಾಲು ಸಾಕು. ಹೆಣ್ಣುಮಕ್ಕಳನ್ನೇ ಕಟ್ಟಿಕೊಂಡು ಊರೂರು ತಿರುಗುವಾಗ ಎಲ್ಲಿ ಮಲಗುತ್ತಿದ್ದರು, ಮಕ್ಕಳನ್ನು ಯಾರು ನೋಡಿಕೊಳ್ಳುತ್ತಿದ್ದರು ಎಂಬುದಕ್ಕೆ ಹತ್ತು ಸಾಲು ಬೇಕು.

6. ಕೇಳುವ ರೀತಿ

'ನಿಮ್ಮ ಅನುಭವ ಹೇಳಿ' ಅಂದರೆ ಯಾರೂ ಏನೂ ಹೇಳುವುದಿಲ್ಲ. ನಾವು ಹಾಗೆ ಕೇಳಿ ಸೋತೆವು. ಚಿಕ್ಕ ಪ್ರಶ್ನೆ ಕೇಳಿದಾಗ ದೊಡ್ಡ ಉತ್ತರ ಬಂತು: ನಾಟಕ ಮುಗಿದ ಮೇಲೆ ಊಟ ಎಷ್ಟು ಹೊತ್ತಿಗೆ? ಬಣ್ಣ ಯಾವುದರಿಂದ ತೆಗೆಯುತ್ತಿದ್ದರು? ಮಳೆ ಬಂದು ಆಟ ನಿಂತರೆ ಸಂಬಳ ಇತ್ತಾ? ಮನೆಗೆ ದುಡ್ಡು ಹೇಗೆ ಕಳಿಸುತ್ತಿದ್ದರು?

ಈ ಕೊನೆಯ ಪ್ರಶ್ನೆಗೇ ಅಜ್ಜಿ ಬಾಯಿ ಬಿಟ್ಟದ್ದು. ದುಡ್ಡು ಬರುತ್ತಿರಲಿಲ್ಲ. ಅಜ್ಜ ಇದ್ದ ಕಂಪನಿ ಒಂದು ಮಳೆಗಾಲದಲ್ಲಿ ಮುಚ್ಚಿತು, ಮೂರು ತಿಂಗಳ ಸಂಬಳ ಬಾಕಿ ಉಳಿಯಿತು. ಅಜ್ಜ ಊರಿಗೆ ಸಾಲದ ಜತೆ ಬಂದರು. ಅಜ್ಜಿ ಪಾಟಲಿ ಮಾರಿ ತೀರಿಸಿದರು. ಮರುವರ್ಷ ಇನ್ನೊಂದು ಕಂಪನಿಯಿಂದ ಕರೆ ಬಂದಾಗ ಅಜ್ಜ ಮತ್ತೆ ಹೊರಟರು. ಅಜ್ಜಿ ತಡೆಯಲಿಲ್ಲ. ಯಾಕೆ ಅಂತ ಕೇಳಿದ್ದಕ್ಕೆ, "ಮನ್ಯಾಗ ಕುಂತ್ರ ಮಂದಿ ಗತೆ ಇರ್ತಿದ್ದಿಲ್ಲ ಅವ್ರು" ಅಂದರು. ನಮ್ಮ ನಾಲ್ಕು ಪುಟದ 'ಅಭಿನಯ ಚಕ್ರವರ್ತಿ'ಗಿಂತ ಈ ಒಂದು ಮಾತಿನಲ್ಲಿ ಆ ಮನುಷ್ಯ ಹೆಚ್ಚು ಕಾಣುತ್ತಾರೆ.

ಇನ್ನು ಕೆಲವು ವಾಡಿಕೆ ಮಾಡಿಕೊಳ್ಳಿ. ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳಿ. ಊರಿನ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದಿದೆ, ಅವರ ನಿದ್ದೆಯ ಹೊತ್ತಿಗೆ ಫೋನ್ ಮಾಡಬೇಡಿ. ಫೈಲಿಗೆ ತಾರೀಕು, ಹೆಸರು ಹಾಕಿಡಿ. ಬರೆದುಕೊಳ್ಳುವಾಗ ಅವರ ಮಾತಿನಲ್ಲೇ ಬರೆದುಕೊಳ್ಳಿ. 'ಕುಂತ್ರ' ಅಂದದ್ದನ್ನು 'ಕುಳಿತರೆ' ಅಂತ ತಿದ್ದಬೇಡಿ. ಮತ್ತೆ, 'ಇದನ್ನ ಬರೀಬ್ಯಾಡ' ಅಂದರೆ ಬರೆಯಬೇಡಿ. ಬದುಕಿರುವವರ ಮಾನ ನಮ್ಮ ಲೇಖನಕ್ಕಿಂತ ದೊಡ್ಡದು.

7. ಬರೆಯುವಾಗ

ಹಳೆಯ ಕರಡಿನಲ್ಲಿ ನಮ್ಮ ಮೊದಲ ಸಾಲು ಹೀಗಿತ್ತು: 'ತಮ್ಮ ಅಮೋಘ ಅಭಿನಯದಿಂದ ಲಕ್ಷಾಂತರ ಪ್ರೇಕ್ಷಕರ ಮನಸೂರೆಗೊಂಡ ಅಪ್ರತಿಮ ಕಲಾವಿದರಿವರು.' ಈ ಸಾಲಿನಲ್ಲಿ ಹೆಸರು ಬದಲಾಯಿಸಿದರೆ ಯಾವ ನಟರಿಗೂ ಹೊಂದುತ್ತದೆ. ಎಲ್ಲರಿಗೂ ಹೊಂದುವ ಸಾಲು ಯಾರ ಬಗ್ಗೆಯೂ ಏನೂ ಹೇಳುವುದಿಲ್ಲ.

ಹೊಸ ಕರಡು ಹೀಗೆ ಶುರುವಾಗುತ್ತದೆ: 'ಹದಿನಾಲ್ಕನೇ ವಯಸ್ಸಿಗೆ ಸ್ತ್ರೀಪಾರ್ಟಿಗೆ ಸೇರಿದರು. ದನಿ ಒಡೆದ ಮೇಲೆ ಆ ಪಾರ್ಟು ಹೋಯಿತು. ಎರಡು ವರ್ಷ ಪರದೆ ಎಳೆದರು. ಒಂದು ರಾತ್ರಿ ಹಾಸ್ಯದವನಿಗೆ ಜ್ವರ ಬಂದದ್ದರಿಂದ ಮತ್ತೆ ಬಣ್ಣ ಹಚ್ಚಿದರು ಎಂದು ಅವರ ಪತ್ನಿ ನೆನೆಯುತ್ತಾರೆ.'

ಕೊನೆಯ ಮಾತು ಗಮನಿಸಿ: 'ಎಂದು ಅವರ ಪತ್ನಿ ನೆನೆಯುತ್ತಾರೆ.' ಕಾಗದದಲ್ಲಿ ಕಂಡದ್ದು ಬೇರೆ, ಮನೆಯವರ ಬಾಯಲ್ಲಿ ಕೇಳಿದ್ದು ಬೇರೆ, ನಾವು ಊಹಿಸಿದ್ದು ಬೇರೆ. ಓದುವವರಿಗೆ ಈ ಮೂರೂ ಬೇರೆಯಾಗಿ ಕಾಣಬೇಕು. ಇದು ಒಂದಿದ್ದರೆ ಬೇರೆ ಸಣ್ಣಪುಟ್ಟ ತಪ್ಪುಗಳನ್ನು ಮುಂದೆ ಬರುವವರು ತಿದ್ದಿಕೊಳ್ಳುತ್ತಾರೆ.

8. ನಮ್ಮ ಸುತ್ತಲಿನಿಂದ ಶುರು ಮಾಡೋಣ

ಬರೆಯಲು ಗುಬ್ಬಿ ವೀರಣ್ಣನವರಷ್ಟೇ ದೊಡ್ಡವರು ಬೇಕು ಅಂತಿಲ್ಲ. ಈ ಕುವೈತ್‌ನಲ್ಲೇ ಊರಲ್ಲಿದ್ದಾಗ ಯಕ್ಷಗಾನದ ವೇಷ ಕಟ್ಟಿದವರು, ಜಾತ್ರೆ ನಾಟಕದಲ್ಲಿ ಪಾರ್ಟು ಮಾಡಿದವರು, ಹಾರ್ಮೋನಿಯಂ ಬಾರಿಸಿದವರು ನಮ್ಮ ಅಪ್ಪ ಅಮ್ಮಂದಿರ ಸ್ನೇಹಿತರಲ್ಲೇ ಇದ್ದಾರೆ. 1990ರ ಆಗಸ್ಟ್‌ನಲ್ಲಿ ಇರಾಕ್ ದಾಳಿಯಾದಾಗ ಕೈಗೆ ಸಿಕ್ಕಿದ ಒಂದು ಚೀಲ ಹಿಡಿದು, ಮರುಭೂಮಿ ದಾಟಿ, ಅಮ್ಮಾನ್‌ನಿಂದ ವಿಮಾನ ಹತ್ತಿ ಊರಿಗೆ ಹೋದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ಆ ಚೀಲದಲ್ಲಿ ಪಾಸ್‌ಪೋರ್ಟಿಗೆ ಜಾಗ ಇತ್ತು, ಫೋಟೋ ಆಲ್ಬಮ್ಮಿಗೆ ಇರಲಿಲ್ಲ. ಅದಕ್ಕೂ ಮುಂಚೆ ಇಲ್ಲಿ ಹಾಡಿದ್ದು, ಆಡಿದ್ದು ಹೆಚ್ಚಾಗಿ ಈಗ ಹಿರಿಯರ ತಲೆಯಲ್ಲಿ ಮಾತ್ರ ಇದೆ. ಅವರಲ್ಲಿ ಬಹಳ ಮಂದಿ ಇವತ್ತೋ ನಾಳೆಯೋ ಊರಿಗೆ ಮರಳುವವರು.

ಆದ್ದರಿಂದ ಈ ಬೇಸಿಗೆ ರಜೆಗೆ ಪ್ರತಿಯೊಬ್ಬರೂ ಒಬ್ಬರನ್ನು ಆರಿಸಿಕೊಳ್ಳಿ. ಒಂದು ಗಂಟೆ ಕೂತು ಕೇಳಿ. ಎರಡು ಪುಟ ಬರೆಯಿರಿ. ಬರೆದದ್ದನ್ನು ಅವರಿಗೆ, ಅವರಿಲ್ಲದಿದ್ದರೆ ಅವರ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ಎಲ್ಲ ಪರೀಕ್ಷೆಗಿಂತ ದೊಡ್ಡ ಪರೀಕ್ಷೆ ಅದು.

ನಾವು ಹೊಸ ಕರಡನ್ನು ಕಳೆದ ತಿಂಗಳು ಅಜ್ಜಿಗೆ ಓದಿದೆವು. ಸಾಲ, ಪಾಟಲಿ, ಮತ್ತೆ ಹೊರಟದ್ದು ಎಲ್ಲ ಇತ್ತು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೂಂ, ಈಗ ನಿಮ್ಮಜ್ಜ ಬಂದ್ರ ನೋಡು" ಅಂದರು. ಆಮೇಲೆ, ಹಾಸ್ಯದವನಿಗೆ ಬಂದದ್ದು ಜ್ವರ ಅಲ್ಲ, ಅವನು ಕುಡಿದು ಮಲಗಿದ್ದ, ಅದನ್ನೂ ಸರಿಮಾಡಿ ಅಂತ ಹೇಳಿದರು. ಸರಿಮಾಡುತ್ತಿದ್ದೇವೆ. ಮುಂದಿನ ಸಂಚಿಕೆಗೆ ಆ ಲೇಖನ ಕೊಡುತ್ತೇವೆ. ನಿಮ್ಮದೂ ಅದರ ಜತೆಗಿರಲಿ.